ಪೋಲರೈಸರ್ ಫಿಲ್ಟರ್: ನೀರಿನ ದಂಡೆಯಲ್ಲಿ ನಾಲ್ಕು ವರ್ಷ ಬಳಸಿದ ಮೇಲೆ

ಈ ಫಿಲ್ಟರ್ ಕೈಗೆ ಬಂದ ವಾರವೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಒಂದು ವರ್ಷ ಬಿಟ್ಟು ಬರೆದಿದ್ದರೆ ಎರಡೇ ಎರಡು. ಈಗ ನಾಲ್ಕು ವರ್ಷ ತುಂಬಿದೆ. ಸಿಟ್ಟು ಇಳಿದಿದೆ, ಮೋಹವೂ ಇಳಿದಿದೆ. ಬರೆಯಲು ಇದೇ ಸರಿಯಾದ ಹೊತ್ತು.

ಇದು 77 ಮಿಲಿಮೀಟರ್ ಅಳತೆಯ ಸರ್ಕ್ಯುಲರ್ ಪೋಲರೈಸರ್, ಅಂದರೆ ಹೊಳಪು ತಗ್ಗಿಸಲು ಕ್ಯಾಮೆರಾ ಲೆನ್ಸಿನ ಮುಂದೆ ಹಾಕುವ ಗಾಜು. ಫೋಟೊ ತೆಗೆಯುವವರು ಸಿಪಿಎಲ್ ಅನ್ನುತ್ತಾರಲ್ಲ, ಅದೇ. ತೀರಾ ಅಗ್ಗದ್ದಲ್ಲ, ತೀರಾ ದುಬಾರಿಯದೂ ಅಲ್ಲ. ಕಂಪನಿಯ ಹೆಸರು ಹೇಳುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಹೇಗೂ ಕೆಳಗೆ ಬರೆದಿದ್ದರಲ್ಲಿ ಮುಕ್ಕಾಲು ಪಾಲು ಯಾವ ಕಂಪನಿಯ ಪೋಲರೈಸರ್‌ಗೂ ಒಪ್ಪುತ್ತದೆ.

ನಾನು ತೆಗೆಯುವುದು ಬಹುಪಾಲು ನೀರಿನ ಫೋಟೊಗಳನ್ನೇ. ಒಂದು ಕೆರೆ, ಅದಕ್ಕೆ ಬಂದು ಸೇರುವ ಹೊಳೆ, ಪಕ್ಕದ ಜೌಗು. ತಿಂಗಳಿಗೊಮ್ಮೆ ಹೋಗುತ್ತೇನೆ. ಅದೇ ಬಂಡೆಯ ಮೇಲೆ ಟ್ರೈಪಾಡ್ ಇಟ್ಟು, ಅದೇ ಫ್ರೇಮ್ ಹಿಡಿಯುತ್ತೇನೆ. ಋತು ಬದಲಾದಂತೆ ನೀರು ಹೇಗೆ ಬದಲಾಗುತ್ತದೆ ಅಂತ ನೋಡುವ ಆಸೆ, ಅಷ್ಟೇ.

ಮೊದಲ ದಿನ ಆಗಿದ್ದು ಹೇಳುತ್ತೇನೆ. ಬಿಸಿಲು ಏರಿತ್ತು. ಕಾಲಬುಡದ ನೀರು ತಗಡಿನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಫಿಲ್ಟರಿನ ಮುಂದಿನ ಬಳೆಯನ್ನು ನಿಧಾನವಾಗಿ ತಿರುಗಿಸಿದೆ. ಕಾಲು ಸುತ್ತು ಆಗುವಷ್ಟರಲ್ಲಿ ಹೊಳಪು ಕರಗಿತು. ತಳದ ಕಲ್ಲುಗಳು ಕಂಡವು, ಪಾಚಿಯ ಎಳೆಗಳು ಕಂಡವು, ಉಗುರಿನಷ್ಟುದ್ದದ ಮೀನುಮರಿಗಳು ಕಂಡವು. ಮೀನುಮರಿಗಳ ನೆರಳು ಕೂಡ ಮರಳಿನ ಮೇಲೆ ಕಂಡಿತು. ಐದು ಸ್ಟಾರ್ ಅಂದೆನಲ್ಲ, ಅದು ಈ ನೆರಳಿಗೆ.

ಇದರ ಗುಟ್ಟು ಸರಳ. ಬಿಸಿಲಿನ ಬೆಳಕು ಎಲ್ಲ ದಿಕ್ಕಿಗೂ ಅದುರುತ್ತಾ ಬರುತ್ತದೆ. ನೀರಿಗೆ ಬಡಿದು ವಾಪಸ್ ಬರುವಾಗ ಹೆಚ್ಚಾಗಿ ಅಡ್ಡಡ್ಡ ಅದುರುತ್ತದೆ. ಫಿಲ್ಟರ್ ಒಳಗಿನ ಹಾಳೆ ಒಂದು ದಿಕ್ಕಿನ ಅದುರಾಟವನ್ನು ಮಾತ್ರ ಒಳಗೆ ಬಿಡುತ್ತದೆ. ಅಡ್ಡದ್ದನ್ನು ತಡೆದರೆ ಹೊಳಪು ಹೋಯಿತು. 1808ರಲ್ಲಿ ಮಾಲ್ಯೂಸ್ ಎಂಬ ಫ್ರಾನ್ಸಿನ ವಿಜ್ಞಾನಿ ಪ್ಯಾರಿಸ್ಸಿನಲ್ಲಿ ಎದುರಿನ ಅರಮನೆಯ ಕಿಟಕಿ ಗಾಜಿನಲ್ಲಿ ಹೊಳೆಯುತ್ತಿದ್ದ ಸಂಜೆ ಬಿಸಿಲನ್ನು ಒಂದು ಹರಳಿನ ಮೂಲಕ ನೋಡುತ್ತಿದ್ದನಂತೆ. ಹರಳು ತಿರುಗಿಸಿದಂತೆ ಹೊಳಪು ಏರಿ ಇಳಿಯಿತು. ನಾವು ದಂಡೆಯಲ್ಲಿ ನಿಂತು ಮಾಡುವುದೂ ಅದನ್ನೇ.

ಆದರೆ ಹೊಳಪು ಎಲ್ಲ ಕಡೆ ಒಂದೇ ಸಮ ಹೋಗುವುದಿಲ್ಲ. ಇದನ್ನು ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ. ನೀರಿನ ಮೇಲ್ಮೈಯಿಂದ ಸುಮಾರು 37 ಡಿಗ್ರಿ ಕೋನದಲ್ಲಿ ನೋಡಿದಾಗ ಮಾತ್ರ ಪೂರ್ತಿ ಹೋಗುತ್ತದೆ. 1815ರಲ್ಲಿ ಬ್ರೂಸ್ಟರ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿ ಕೊಟ್ಟ ಲೆಕ್ಕ ಇದು. ಕ್ಯಾಮೆರಾ ನೀರಿಗಿಂತ ಒಂದೂವರೆ ಮೀಟರ್ ಮೇಲಿದ್ದರೆ ಆ ಜಾಗ ನಿಮ್ಮಿಂದ ಎರಡೇ ಮೀಟರ್ ಮುಂದೆ ಇರುತ್ತದೆ. ಆಚೆ ದಡದ ಹತ್ತಿರದ ನೀರಿನ ಹೊಳಪು ಎಷ್ಟು ತಿರುಗಿಸಿದರೂ ಪೂರ್ತಿ ಹೋಗದು. ಜಾಸ್ತಿ ದೂರದ ನೀರಿನ ಒಳಗೆ ನೋಡಬೇಕಾದರೆ ಎತ್ತರಕ್ಕೆ ಹತ್ತಬೇಕು. ಆರು ಮೀಟರ್ ದಿಬ್ಬ ಸಿಕ್ಕರೆ ಆ ಜಾಗ ಎಂಟು ಮೀಟರ್ ದೂರ ಹೋಗುತ್ತದೆ. ಫಿಲ್ಟರ್ ಸರಿ ಇಲ್ಲ ಅಂತ ಗೊಣಗುವ ಎಷ್ಟೋ ಜನ ನಿಂತ ಜಾಗವೇ ಸರಿ ಇರುವುದಿಲ್ಲ. ನಾನೂ ಗೊಣಗಿದ್ದೇನೆ.

ಈಗ ಎರಡು ಸ್ಟಾರ್ ಯಾಕೆ ಅನ್ನುವ ಕಥೆ. ಮೊದಲ ವರ್ಷದ ಹನ್ನೆರಡು ಫೋಟೊಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದೆ. ಒಂದರಲ್ಲಿ ನೀರು ಕನ್ನಡಿ. ಮತ್ತೊಂದರಲ್ಲಿ ತಳದವರೆಗೆ ತಿಳಿ. ಮೂರನೆಯದರಲ್ಲಿ ಅರ್ಧಂಬರ್ಧ. ಋತು ಬದಲಾಗಿ ಹಾಗಾಯಿತೋ, ಆ ದಿನ ನಾನು ಬಳೆ ತಿರುಗಿಸಿದ್ದರಿಂದ ಹಾಗಾಯಿತೋ, ಹೇಳುವುದೇ ಕಷ್ಟ. ಒಂದು ವರ್ಷದ ಓಡಾಟ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ತಪ್ಪು ಫಿಲ್ಟರಿನದಲ್ಲ, ನನ್ನದು. ಆದರೂ ಸಿಟ್ಟು ಬಂದಿದ್ದು ಫಿಲ್ಟರ್ ಮೇಲೆ.

ಪರಿಹಾರ ಸಿಕ್ಕಿದ್ದು ಒಂದು ಹನಿ ಬಿಳಿ ನೇಲ್ ಪಾಲಿಶ್‌ನಲ್ಲಿ. ನೀರಿನ ಮೇಲ್ಮೈ ಯಾವಾಗಲೂ ಮಟ್ಟವಾಗಿರುತ್ತದೆ, ಅಲ್ವಾ? ಹಾಗಾಗಿ ಸೂರ್ಯ ಎಲ್ಲೇ ಇದ್ದರೂ ಅದರ ಹೊಳಪು ಹೆಚ್ಚುಕಡಿಮೆ ಅಡ್ಡಡ್ಡವೇ ಅದುರುತ್ತದೆ. ಕ್ಯಾಮೆರಾ ಮಟ್ಟವಾಗಿದ್ದರೆ ಹೊಳಪು ಅತಿ ಹೆಚ್ಚು ಕಡಿಯುವ ಜಾಗ ಬಳೆಯ ಮೇಲೆ ಪ್ರತಿ ಸಲವೂ ಅದೇ. ಆ ಜಾಗ ಹುಡುಕಿ, ಬಳೆಯ ನೆತ್ತಿಯಲ್ಲಿ ಒಂದು ಚುಕ್ಕೆ ಇಟ್ಟೆ. ಈಗ ಚುಕ್ಕೆ ಮೇಲಿಟ್ಟು ಒಂದು ಫೋಟೊ, ಚುಕ್ಕೆ ಪಕ್ಕಕ್ಕೆ ತಂದು ಇನ್ನೊಂದು. ಮೊದಲನೆಯದು ನೀರಿನ ಒಳಗು, ಎರಡನೆಯದು ನೀರಿನ ಮೇಲು. ಎರಡೂ ಸಾಲುಗಳು ಬೇರೆ ಬೇರೆ ಕಡತದಲ್ಲಿ. ಕ್ಯಾಮೆರಾವನ್ನು ಉದ್ದುದ್ದ ಹಿಡಿದರೆ ಚುಕ್ಕೆಯನ್ನು ಮತ್ತೆ ಮೇಲಕ್ಕೆ ತರಬೇಕು, ಮರೆಯಬೇಡಿ. ಆಕಾಶಕ್ಕೆ ಈ ಚುಕ್ಕೆ ಲೆಕ್ಕವಿಲ್ಲ. ಅಲ್ಲಿ ಸೂರ್ಯ ಇರುವ ಕಡೆ ನೋಡಿಯೇ ತಿರುಗಿಸಬೇಕು.

ಋತುವಿನ ವಿಷಯಕ್ಕೆ ಬಂದರೆ, ನನಗೆ ಅತಿ ಹೆಚ್ಚು ಕೊಟ್ಟಿದ್ದು ಬೇಸಿಗೆಯ ನಡುಮಧ್ಯಾಹ್ನ. ಫೋಟೊ ತೆಗೆಯುವವರು ಮನೆಯಲ್ಲಿ ಮಲಗುವ ಹೊತ್ತು ಅದು. ಬಿಸಿಲು ನೆತ್ತಿಯ ಮೇಲಿದ್ದಾಗಲೇ ಬೆಳಕು ನೀರಿನೊಳಗೆ ಚೆನ್ನಾಗಿ ಇಳಿಯುತ್ತದೆ. ಆಗ ಮೇಲಿನ ಹೊಳಪು ತೆಗೆದರೆ ಒಳಗಿನದೆಲ್ಲ ಹರಳಿನ ಹಾಗೆ ಕಾಣುತ್ತದೆ. ನೀರು ಹಿಂದೆ ಸರಿದಾಗ ದಂಡೆಯಲ್ಲಿ ಉಳಿಯುವ ಹಸಿ ಕೆಸರಿಗೆ ಮಾತ್ರ ಫಿಲ್ಟರ್ ಬಿಚ್ಚುತ್ತೇನೆ. ಸಂಜೆ ಆ ಕೆಸರು ಹೊಳೆಯುವುದೇ ಚೆಂದ. ಹೊಳಪು ತೆಗೆದರೆ ಬರೀ ಕೆಸರು.

ಮಳೆಗಾಲದಲ್ಲಿ ಎಚ್ಚರ ಬೇಕು. ಕೆಂಪು ನೀರಿನ ಕದಡನ್ನು ಫಿಲ್ಟರ್ ತಿಳಿ ಮಾಡುವುದಿಲ್ಲ. ಮೇಲಿನ ಬಿಳಿ ಹೊಳಪು ತೆಗೆದು ಕೆಂಪನ್ನು ಇನ್ನೂ ಕೆಂಪಾಗಿಸುತ್ತದೆ. ತುಂಬಿದ ಹೊಳೆ ಮಣ್ಣಿನ ಗೋಡೆಯ ಹಾಗೆ ಚಪ್ಪಟೆಯಾಗುತ್ತದೆ. ಸುಳಿ, ಸೆಳೆತ ಕಾಣುವುದು ಆ ಹೊಳಪಿನಲ್ಲೇ. ಆದರೆ ಅದೇ ದಿನ ಒದ್ದೆ ಬಂಡೆ, ತಾವರೆ ಎಲೆ, ದಂಡೆಯ ಹುಲ್ಲಿಗೆ ಫಿಲ್ಟರ್ ಹಾಕಿ ನೋಡಿ. ಮೋಡ ಕವಿದಿದ್ದರೂ ಎಲೆಯ ಮೇಲಿನ ಬಿಳಿಚು ಹೋಗಿ ಹಸಿರು ಉಕ್ಕುತ್ತದೆ. ಕಾಮನಬಿಲ್ಲು ಬಂದರೆ ಬಳೆಯ ಮೇಲೆ ಕಣ್ಣಿಡಿ. ತಪ್ಪು ಕಡೆ ತಿರುಗಿಸಿದರೆ ಬಿಲ್ಲಿನ ಒಂದು ಭಾಗವೇ ಮಾಯ. ಒಮ್ಮೆ ನನಗೆ ಹಾಗಾಗಿ, ಬಿಲ್ಲು ಕರಗಿತು ಅಂತ ಚೀಲ ಕಟ್ಟಿ ಹೊರಟುಬಿಟ್ಟಿದ್ದೆ. ತಲೆ ಎತ್ತಿ ನೋಡಿದರೆ ಇನ್ನೂ ಅಲ್ಲೇ ಇತ್ತು.

ಚಳಿಗಾಲದ ಬೆಳಗ್ಗೆ ಇದು ಬಹುತೇಕ ಚೀಲದಲ್ಲೇ ಇರುತ್ತದೆ. ಮಂಜು ಇದ್ದಾಗ ದೊಡ್ಡ ಪ್ರಯೋಜನ ಇಲ್ಲ. ಅದೂ ಅಲ್ಲದೆ ಒಂದೂವರೆ ಸ್ಟಾಪ್ ಬೆಳಕು ತಿನ್ನುತ್ತದೆ, ಅಂದರೆ ಸುಮಾರು ಮೂರನೇ ಒಂದು ಪಾಲು ಬೆಳಕಷ್ಟೇ ಒಳಗೆ ಬರುತ್ತದೆ. ಹಕ್ಕಿ ಹಾರುವಾಗ ಸೆಕೆಂಡಿನ ಸಾವಿರನೇ ಒಂದು ಪಾಲು ಶಟರ್ ವೇಗ ಬೇಕೆಂದರೆ 800 ಇದ್ದ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 2500ರ ಹತ್ತಿರ ಹೋಗುತ್ತದೆ. ಹೊಳೆಗಾದರೆ ಅದೇ ನಷ್ಟ ಲಾಭ. ಸೆಕೆಂಡಿನ ಎಂಟನೇ ಒಂದು ಪಾಲಿನಲ್ಲಿ ತೆಗೆಯುತ್ತಿದ್ದದ್ದು ಮೂರನೇ ಒಂದು ಪಾಲಿಗೆ ಬರುತ್ತದೆ, ನೀರಿನ ಹರಿವು ನೂಲಿನ ಹಾಗೆ ಎಳೆಯುತ್ತದೆ. ವೇರಿಯಬಲ್ ಎನ್‌ಡಿ ಅನ್ನುವ, ತಿರುಗಿಸಿದಂತೆ ಬೆಳಕು ತಗ್ಗಿಸುವ ಫಿಲ್ಟರ್ ಜೊತೆ ಮಾತ್ರ ಇದನ್ನು ಹಾಕಬೇಡಿ. ಅದರೊಳಗೂ ಪೋಲರೈಸರ್‌ಗಳೇ ಇರುತ್ತವೆ. ಎರಡೂ ಜಗಳ ಆಡಿ ಫೋಟೊದ ಬಣ್ಣ ಕೆಡಿಸುತ್ತವೆ.

ಬಾಳಿಕೆ? ಮೊದಲ ತೊಂದರೆ ಮರಳು. ಹೊಳೆಮರಳಿನ ಒಂದು ಕಣ ಬಳೆಯೊಳಗೆ ಸೇರಿ ಎರಡನೇ ವರ್ಷದಿಂದ ಕರಕರ ಸದ್ದು ಶುರುವಾಯಿತು. ಆಮೇಲೆ ಒಂದು ದಿನ ಫಿಲ್ಟರ್ ಲೆನ್ಸಿಗೆ ಕಚ್ಚಿಕೊಂಡಿತು. ಬಿಗಿಯಾಗಿ ಹಿಡಿದು ತಿರುಗಿಸಲು ಹೋದೆ, ಇನ್ನೂ ಕಚ್ಚಿತು. ಬಿಗಿ ಹಿಡಿದರೆ ಬಳೆ ಅಂಡಾಕಾರಕ್ಕೆ ಬಾಗುತ್ತದೆ, ಅದಕ್ಕೇ. ಹಿಂದಿನ ಬಳೆಗೆ ಅಗಲದ ರಬ್ಬರ್ ಬ್ಯಾಂಡ್ ಸುತ್ತಿ ಮೆಲ್ಲಗೆ ತಿರುಗಿಸಿದಾಗ ಸುಮ್ನೆ ಬಿಟ್ಟುಕೊಂಡಿತು.

ದೊಡ್ಡ ತೊಂದರೆ ಮೂರನೇ ವರ್ಷದ್ದು. ಗಾಜಿನ ಅಂಚಿನಲ್ಲಿ ಬೆಳ್ಳಗೆ ಒಂದು ಚಂದ್ರನ ಚೂರು ಕಂಡಿತು. ಒರೆಸಿದೆ, ಹೋಗಲಿಲ್ಲ. ಎರಡು ಗಾಜುಗಳ ನಡುವೆ ಪೋಲರೈಸರ್ ಹಾಳೆ ಅಂಟಿಸಿರುತ್ತಾರೆ. ಆ ಅಂಟು ಬಿಡುತ್ತಿತ್ತು. ಕೆಸರು ಹಾರಿದಾಗಲೆಲ್ಲ ನಾನು ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತಿದ್ದೆ. ಡಬ್ಬಿಯ ಮೇಲೆ ನೀರು ಅಂಟದ ಲೇಪನ ಅಂತ ದೊಡ್ಡದಾಗಿ ಬರೆದಿತ್ತಲ್ಲ! ಕಂಪನಿಗೆ ಬರೆದರೆ, ಲೇಪನ ಗಾಜಿನ ಮುಖಕ್ಕೆ ಮಾತ್ರ, ಅಂಚಿನಿಂದ ತೇವ ಇಳಿದರೆ ವಾರಂಟಿ ಇಲ್ಲ ಅಂತ ಎರಡು ಸಾಲಿನ ಉತ್ತರ ಬಂತು. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದನ್ನು ಡಬ್ಬಿಯ ಮೇಲೆ ಇನ್ನೊಂದು ಸಾಲಾಗಿ ಬರೆಯಬಹುದಿತ್ತು. ಈಗ ಬಟ್ಟೆ ಒದ್ದೆ ಮಾಡಿ ಒರೆಸುತ್ತೇನೆ, ಫಿಲ್ಟರನ್ನು ನೀರಿಗೆ ಹಿಡಿಯುವುದಿಲ್ಲ.

ಹಳೆಯದು ಕೊಳ್ಳುವವರಿಗೆ ಒಂದು ಪರೀಕ್ಷೆ. ಎಲ್‌ಸಿಡಿ ಪರದೆಯಲ್ಲಿ ಬಿಳಿ ಪುಟ ತೆರೆಯಿರಿ. ಫಿಲ್ಟರಿನ ಮುಂಭಾಗ ಪರದೆಯ ಕಡೆ ಇರಲಿ, ಹಿಂದಿನಿಂದ ನೋಡುತ್ತಾ ತಿರುಗಿಸಿ. ಒಂದು ಜಾಗದಲ್ಲಿ ಗಾಜು ಪೂರ್ತಿ ಕಪ್ಪಾಗಬೇಕು. ನನ್ನದು ನಡುವೆ ಈಗಲೂ ಕಡುಕಪ್ಪು, ಅಂಚಿನಲ್ಲಿ ಮಾತ್ರ ಆ ಬಿಳಿ ಚೂರು. ಉದ್ದ ಲೆನ್ಸಿನಲ್ಲಿ ಅದು ಫ್ರೇಮಿಗೆ ಬರುವುದಿಲ್ಲ, ಅಗಲ ಲೆನ್ಸಿನಲ್ಲಿ ಮೂಲೆ ಮಸುಕಾಗುತ್ತದೆ.

ಮೂರೂವರೆ ಸ್ಟಾರ್ ಕೊಡುತ್ತೇನೆ. ಕಳೆದ ತಿಂಗಳು ಬೇರೆ ಕಂಪನಿಯದೊಂದು ತಗೊಂಡೆ. ಡಬ್ಬಿ ಒಡೆದ ಕೂಡಲೇ ಮಾಡಿದ ಮೊದಲ ಕೆಲಸ ಬಳೆಗೆ ಚುಕ್ಕೆ ಇಟ್ಟಿದ್ದು. ಅವಸರದಲ್ಲಿ ಒಣಗುವ ಮೊದಲೇ ತಿರುಗಿಸಿ, ಚುಕ್ಕೆ ಗೀಟಾಗಿ ಹೋಗಿದೆ.