ಪದಕ್ಕಿಷ್ಟು ಎಂದು ಮಾರುವ ಜಾಹೀರಾತು ಕನ್ನಡ: ದುಡ್ಡಿಗೆ ತಕ್ಕದ್ದೇ?

ಬೆಂಗಳೂರಿನಲ್ಲಿ ಜಾಹೀರಾತನ್ನು ಕನ್ನಡಕ್ಕೆ ತಂದುಕೊಡುವವರಲ್ಲಿ ಮೂರು ಬಗೆ. ಪದಕ್ಕಿಷ್ಟು ಎಂದು ಲೆಕ್ಕ ಹಾಕಿ ಸಂಜೆಯೊಳಗೆ ಕಳಿಸುವವರು, ಹಿಂದಿ ಅಥವಾ ಇಂಗ್ಲಿಷ್ ಜಾಹೀರಾತನ್ನು ಮುಂದಿಟ್ಟುಕೊಂಡು ಇಲ್ಲಿಗೆ ಹೊಂದಿಸಿ ಬರೆಯುವವರು, ಮಾರುವ ವಸ್ತು ಏನೆಂದು ಕೇಳಿಕೊಂಡು ಕನ್ನಡದಲ್ಲೇ ಬರೆಯುವವರು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ, ಅದೂ ಮೇಲರ್ಧದಲ್ಲಿ ಇರಬೇಕು ಎಂಬ ನಿಯಮ 2024ರಲ್ಲಿ ಬಂದ ಮೇಲೆ ಅವಸರದಲ್ಲಿದ್ದವರೆಲ್ಲ ಮೊದಲು ಕೈಹಾಕಿದ್ದು ಅಗ್ಗದ ಮೊದಲ ಬಗೆಗೇ. ಬೋರ್ಡಿಗೆ ಅದು ನಡೆಯುತ್ತದೆ. ಷರತ್ತು, ವಿಳಾಸ, ಬೆಲೆಪಟ್ಟಿ, ಬಳಸುವ ವಿಧಾನ ಇವಕ್ಕೂ ಸಾಕು. ಜಾಹೀರಾತಿನ ತಲೆಬರಹಕ್ಕೆ ಮಾತ್ರ ಬೇಡ.

ಏಕೆ ಬೇಡ ಎಂಬುದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. ‘ಈಗಲೇ ಆದೇಶಿಸಿ’ ಎಂದು ತಿಂಡಿ ತರಿಸುವ ಆ್ಯಪ್ ಬರೆದರೆ ನೆನಪಾಗುವುದು ತಹಶೀಲ್ದಾರ್ ಕಚೇರಿ. ಜನ ಆಡುವುದು ‘ಆರ್ಡರ್ ಮಾಡಿ’, ಇಲ್ಲವೇ ‘ತರಿಸಿಕೊಳ್ಳಿ’. ‘ಬೃಹತ್ ಮಾರಾಟ’ ಎಂಬ ಬ್ಯಾನರ್ ಕಂಡವರು ಅಂಗಡಿಯೇ ಮಾರಾಟಕ್ಕಿದೆ ಅಂದುಕೊಂಡರೆ ತಪ್ಪು ಅವರದಲ್ಲ. ಹಿಂದಿಯಿಂದ ಬರುವಾಗ ಇನ್ನೊಂದು ತೊಡಕು. ಅಲ್ಲಿ ತೂ, ತುಮ್, ಆಪ್ ಎಂದು ಮೂರು ಮೆಟ್ಟಿಲು. ನಮ್ಮ ಆಡುಮಾತಿನಲ್ಲಿ ಸಾಮಾನ್ಯವಾಗಿ ನೀನು, ನೀವು ಎರಡೇ. ಜಾಹೀರಾತಿನ ಸಲಿಗೆಯ ‘ತುಮ್’ ಇಲ್ಲಿ ‘ನೀನು’ ಆದರೆ ಒರಟು, ‘ನೀವು ಆಗಮಿಸಿ, ವೀಕ್ಷಿಸಿ, ಖರೀದಿಸಿ’ ಆದರೆ ಸಭೆಯ ಆಹ್ವಾನಪತ್ರಿಕೆ. ನೀವು ಎಂಬುದನ್ನು ಉಳಿಸಿಕೊಂಡು ಕ್ರಿಯಾಪದವನ್ನು ಸಡಿಲ ಮಾಡಬೇಕು: ಬನ್ನಿ, ನೋಡಿ, ತಗೊಳ್ಳಿ. ಇದಕ್ಕೆ ತದ್ವಿರುದ್ಧ ರೋಗವೂ ಇದೆ. ಯುವಕರನ್ನು ಸೆಳೆಯಬೇಕೆಂದು ಬ್ಯಾಂಕೊಂದು ಸಾಲ ಕೊಡುವ ಜಾಹೀರಾತಿನಲ್ಲಿ ‘ಮಗಾ’ ಅಂದರೆ ಯಾರು ನಂಬುತ್ತಾರೆ? ಮಗಾ ಎನ್ನುವುದು ಸಾಲ ಕೇಳುವ ಗೆಳೆಯ, ಕೊಡುವವನಲ್ಲ.

ಪದ ಸರಿಯಿದ್ದೂ ಅರ್ಥ ಕೆಡುವುದುಂಟು. ‘ಕಲೆ’ ಎಂದರೆ ಬಟ್ಟೆಗೆ ಅಂಟುವುದೂ ಹೌದು, ರಂಗದ ಮೇಲೆ ಅರಳುವುದೂ ಹೌದು. ಸೋಪಿನ ಪುಡಿಯ ಜಾಹೀರಾತಿನ ಸಾಲಿನಲ್ಲಿ ಈ ಪದವಿದ್ದರೆ ಟಿವಿಯಲ್ಲಿ ಕೊಳೆಯಾದ ಅಂಗಿ ಕಾಣುವುದರಿಂದ ಗೊಂದಲವಿಲ್ಲ; ಅದೇ ಸಾಲನ್ನು ಎಫ್‌ಎಂನಲ್ಲಿ ಕೇಳಿಸಿದರೆ, ಬಸ್ಸಿನ ಹಿಂಬದಿಯಲ್ಲಿ ಚಿತ್ರವಿಲ್ಲದೆ ಅಂಟಿಸಿದರೆ ಯಾವ ಕಲೆ ಎಂಬುದು ಓದುಗನ ಪಾಲಿಗೆ ಬಿಟ್ಟದ್ದು. ಊರು ಬದಲಾದರೂ ಅಷ್ಟೆ. ಬೆಂಗಳೂರಿನಲ್ಲಿ ಸಜ್ಜಿಗೆ ಸಿಹಿ, ಮಂಗಳೂರಿನಲ್ಲಿ ಅವಲಕ್ಕಿ ಬೆರೆಸಿ ತಿನ್ನುವ ಖಾರದ ತಿಂಡಿ. ರವೆಯ ಜಾಹೀರಾತನ್ನು ರಾಜ್ಯದಾದ್ಯಂತ ಬಿಡುವವರು ಇಷ್ಟನ್ನಾದರೂ ಕೇಳಿಕೊಳ್ಳಬೇಡವೇ?

ಪದಕ್ಕಿಷ್ಟು ಎಂಬ ಈ ಅನುವಾದ ಸೇವೆ ಹೆಚ್ಚು ಎಡವುವುದು ಪಂಚಾಂಗದಲ್ಲಿ. ಉತ್ತರದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ಹಾಗಾಗಿ ಅಲ್ಲಿಯ ಶ್ರಾವಣ ಹದಿನೈದು ದಿನ ಮೊದಲೇ ಶುರು. 2025ರಲ್ಲಿ ಅಲ್ಲಿ ಜುಲೈ 11ಕ್ಕೆ, ಇಲ್ಲಿ 25ಕ್ಕೆ. ದೆಹಲಿಯಲ್ಲಿ ಸಿದ್ಧವಾದ ‘ಶ್ರಾವಣದ ಶುಭಾರಂಭ’ ಅದೇ ದಿನಾಂಕಕ್ಕೆ ಕನ್ನಡದಲ್ಲಿ ಬಂದರೆ ಇಲ್ಲಿನ್ನೂ ಆಷಾಢ: ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಬಟ್ಟೆ ಅಂಗಡಿಗಳಲ್ಲಿ ರಿಯಾಯಿತಿಯ ಕಾಲ. ‘ಆಷಾಢ ಸೇಲ್’ ಎಂಬ ಮಾತು ಹುಟ್ಟಿದ್ದೇ ಈ ಖಾಲಿ ತಿಂಗಳಿಂದ, ಅದನ್ನು ವಿವರಿಸದೆ ಎಲ್ಲರೂ ಅರ್ಥ ಮಾಡಿಕೊಳ್ಳುತ್ತಾರೆ. ಹಬ್ಬದ ಹೆಸರನ್ನು ಮಾತ್ರ ಬದಲಿಸುವುದೂ ಅಪಾಯ. ಉತ್ತರದಲ್ಲಿ ಚಿನ್ನ ಕೊಳ್ಳುವ ದಿನವಾದ ಧನ್‌ತೇರಸ್ ಇಲ್ಲಿನ ಹಳೆಯ ಮನೆಗಳಲ್ಲಿ ನೀರು ತುಂಬುವ ಹಬ್ಬ, ಹಂಡೆ ತಿಕ್ಕಿ ಮರುದಿನದ ಎಣ್ಣೆಸ್ನಾನಕ್ಕೆ ನೀರು ತುಂಬುವ ಸಂಜೆ. ಗೀಸರ್ ಮಾರುವವರು ಅದನ್ನು ಬಿಟ್ಟು ಚಿನ್ನದ ನಾಣ್ಯ ತೋರಿಸುತ್ತಾರೆ! ಗಂಡನಿಗಾಗಿ ಉಪವಾಸವಿದ್ದು ಜರಡಿಯಲ್ಲಿ ಚಂದ್ರನನ್ನು ನೋಡುವುದು ಉತ್ತರದ ಕರ್ವಾ ಚೌತ್. ಅದರ ಜರಡಿ ಹಿಡಿದ ಹೆಂಡತಿಯ ಚಿತ್ರಕ್ಕೆ ಭೀಮನ ಅಮಾವಾಸ್ಯೆಯ ಸಾಲು ಅಂಟಿಸಿದರೆ, ಅಂದು ಗಂಡನ ಪಾದಪೂಜೆ ಮಾಡಿ ದಾರ ಕಟ್ಟಿಕೊಳ್ಳುವವರಿಗೆ ಜರಡಿ ಏಕೆಂದು ತಿಳಿಯದು.

ಚಿತ್ರದ ವಿಷಯ ಬಂತಲ್ಲ: ಅನುವಾದಕರಿಗೆ ಬರೀ ಎಕ್ಸೆಲ್ ಹಾಳೆ ಕಳಿಸುವ ಪದ್ಧತಿಯೇ ಅರ್ಧ ತಪ್ಪುಗಳ ಮೂಲ. ಅಕ್ಷರಕ್ಕೆ ಜಾಗ ಬೇಕೆಂದು ವಿನ್ಯಾಸಕಾರ ಫೋಟೊವನ್ನು ಅಡ್ಡಕ್ಕೆ ಮಗುಚಿದರೆ ಸೆರಗು ಬಲಹೆಗಲಿಗೆ ಹೋಗುತ್ತದೆ, ಊಟ ಎಡಗೈಯಲ್ಲಾಗುತ್ತದೆ, ಬಾಳೆಎಲೆಯ ತುದಿ ಬಲಕ್ಕೆ ತಿರುಗುತ್ತದೆ. ಪದಗಳಲ್ಲಿ ಒಂದೂ ತಪ್ಪಿಲ್ಲ, ಆದರೂ ನೋಡಿದವರಿಗೆ ಏನೋ ಇರಿಸುಮುರಿಸು.

ಮುಖದ ಆಯ್ಕೆಯನ್ನಂತೂ ಯಾವ ಅನುವಾದವೂ ರಿಪೇರಿ ಮಾಡಲಾರದು. 2025ರ ಮೇ ತಿಂಗಳಲ್ಲಿ ಮೈಸೂರು ಸ್ಯಾಂಡಲ್ ಸೋಪಿಗೆ ತಮನ್ನಾ ಭಾಟಿಯಾ ಅವರನ್ನು 6.20 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದಾಗ ಸಚಿವ ಎಂ.ಬಿ. ಪಾಟೀಲರು ಕೊಟ್ಟ ಕಾರಣ ಹೊರರಾಜ್ಯದ ಮಾರುಕಟ್ಟೆ. ಲೆಕ್ಕಾಚಾರ ತಪ್ಪೆನ್ನಲಾಗದು, ಆದರೆ ನೂರು ವರ್ಷಗಳಿಂದ ಮನೆಯ ಬಚ್ಚಲಲ್ಲಿ ಇರುವ ಸೋಪು ಕನ್ನಡದ ನಟಿಯನ್ನು ಬಿಟ್ಟಿತು ಎಂದೇ ಇಲ್ಲಿ ಓದಿಕೊಂಡರು. ಹಿಂದಿನ ವರ್ಷ ನಂದಿನಿ ಮಾಡಿದ್ದು ಬೇರೆ. ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಆಟಗಾರರ ಅಂಗಿಯ ಮೇಲೆ ‘ನಂದಿನಿ’ ಎಂಬ ಹೆಸರು ಕನ್ನಡ ಅಕ್ಷರದಲ್ಲೇ ಇತ್ತು. ಎಡಿನ್‌ಬರೋದಲ್ಲಿ ಅದನ್ನು ಓದುವವರು ಬೆರಳೆಣಿಕೆಯವರು. ಜಯನಗರದಲ್ಲಿ ಓದಿದರು, ಖುಷಿಪಟ್ಟರು.

ಧ್ವನಿ ಕೂರಿಸುವವರು ಗಮನಿಸಬೇಕಾದ್ದು: 30 ಸೆಕೆಂಡಿನ ಜಾಹೀರಾತಿಗೆ ಕನ್ನಡದಲ್ಲಿ 50 ಪದ ದಾಟಿದರೆ ಓದುವವರು ಉಸಿರು ಬಿಗಿಹಿಡಿದು ಓಡಬೇಕಾಗುತ್ತದೆ. ‘ಮಾಡಲಾಗುತ್ತದೆ’ಯಂಥವನ್ನು ‘ಮಾಡ್ತೀವಿ’ ಮಾಡಿದರೆ ಅರ್ಧ ಸಮಸ್ಯೆ ನೀಗುತ್ತದೆ.

ಅಚ್ಚಿನಲ್ಲಿ ಕೆಡುವುದು ಒತ್ತಕ್ಷರ. ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಎಂಬ ಆಯ್ಕೆಯನ್ನು ಆರಿಸದಿದ್ದರೆ ಒತ್ತು ಬಿಡಿಬಿಡಿಯಾಗಿ ಪಕ್ಕದಲ್ಲಿ ಕೂರುತ್ತದೆ. ಹಳೆಯ ನುಡಿ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸದೆ ಅಂಟಿಸಿದರೆ ಪೂರ್ತಿ ಕಲಸುಮೇಲೋಗರ. ಸಾಲಿನ ಅಂತರವನ್ನು ಇಂಗ್ಲಿಷಿನ ಲೆಕ್ಕದಲ್ಲಿ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಅಕ್ಷರದ ಗಾತ್ರದ ಒಂದೂವರೆಪಟ್ಟು ಅಂತರ ಕೊಟ್ಟು, ‘ರಾಷ್ಟ್ರ’, ‘ಸ್ವಾಸ್ಥ್ಯ’, ‘ಕಾರ್ಯ’ ಎಂಬ ಮೂರು ಪದ ಹಾಕಿ ನೋಡಿ. ಮೂರೂ ನೆಟ್ಟಗೆ ಬಂದರೆ ಉಳಿದವೂ ಬರುತ್ತವೆ.

ಇಷ್ಟಾಗಿಯೂ ಪದದ ಲೆಕ್ಕದವರಿಗೇ ಕೊಡುವುದಾದರೆ ಕೆಲಸ ಒಪ್ಪಿಸುವಾಗ ಚಿತ್ರದ ಸಮೇತ ವಿನ್ಯಾಸ, ಬಿಡುಗಡೆಯ ದಿನಾಂಕ, ಯಾವ ಜಿಲ್ಲೆ, ಬಸ್ಸೋ ರೇಡಿಯೊವೋ ಮೊಬೈಲೋ, ಇಷ್ಟನ್ನೂ ಬರೆದುಕೊಡಿ. ತಲೆಬರಹಕ್ಕೆ ಮೂರು ಬೇರೆ ಬೇರೆ ಸಾಲು ಕೇಳಿ, ಅದಕ್ಕೆ ಬೇರೆ ದರ ಕೊಡಿ. ಎರಡೇ ಪದದ ಸಾಲಿಗೆ ಎರಡು ಪದದ ದುಡ್ಡು ಕೊಟ್ಟರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಂದದ್ದನ್ನು ಮೂಲ ಜಾಹೀರಾತು ನೋಡಿರದ ಮೂವರಿಗೆ ಗಟ್ಟಿಯಾಗಿ ಓದಿ ಹೇಳಿ, ಇದು ಏನನ್ನು ಮಾರುತ್ತಿದೆ ಎಂದಷ್ಟೇ ಕೇಳಿ. ಕೊನೆಗೆ ಔಟ್‌ಲೈನ್ ಮಾಡಿದ, ಅಂದರೆ ಅಕ್ಷರಗಳನ್ನು ಚಿತ್ರರೂಪಕ್ಕೆ ತಿರುಗಿಸಿದ, ಪಿಡಿಎಫ್ ಜೊತೆಗೆ ಯೂನಿಕೋಡ್ ಪಠ್ಯವನ್ನೂ ಪಡೆದುಕೊಳ್ಳಿ. ಮುಂದಿನ ಹಬ್ಬಕ್ಕೆ ಬೆಲೆ ಒಂದನ್ನೇ ಬದಲಿಸಬೇಕಾದಾಗ ಔಟ್‌ಲೈನ್‌ನಲ್ಲಿ ಅಕ್ಷರ ತಿದ್ದಲು ಬರುವುದಿಲ್ಲ.