ಮೀನಿನ ಬಿಳಿ ಚುಕ್ಕೆಗೆ ನೀಲಿ ಔಷಧಿಯೋ, ಉಪ್ಪು–ಹೀಟರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಲ್ಲುಪ್ಪು ಮತ್ತು ಹೀಟರ್‌ಗೆ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಎರಡಡಿ ಟ್ಯಾಂಕ್ ಇದೆ. ಮೋಲಿ, ಪ್ಲಾಟಿ, ಒಂದಷ್ಟು ಗಿಡ. ಒಂದು ಚಳಿಗಾಲ ಹೊಸ ಮೀನಿನ ಜೊತೆ ಬಿಳಿ ಚುಕ್ಕೆ ರೋಗ ಬಂತು. ಆಗ ಅಂಗಡಿಯವರು ಕೊಟ್ಟ ಮೆಥಿಲೀನ್ ಬ್ಲೂ, ಅಂದರೆ ನೀಲಿ ಔಷಧಿ ಹಾಕಿದೆ. ಮುಂದಿನ ಚಳಿಗಾಲ ಮತ್ತೆ ಬಂದಾಗ ಉಪ್ಪು, ಹೀಟರ್. ಮೂರನೆಯದು ಮಲಾಕೈಟ್ ಗ್ರೀನ್ ಮತ್ತು ಫಾರ್ಮಾಲಿನ್ ಬೆರೆಸಿದ ಔಷಧಿ. ಅದನ್ನು ಮಂಡ್ಯದಲ್ಲಿ ಅಕ್ಕನ ಮನೆಯ ಗೋಲ್ಡ್ ಫಿಶ್‌ಗೆ ನಾನೇ ನಿಂತು ಹಾಕಿದ್ದು.

ಯಾವುದನ್ನೇ ಹಾಕಿ, ಈ ಹುಳದ ಬದುಕು ಗೊತ್ತಿರಬೇಕು. ಇದು ಒಂದೇ ಜೀವಕೋಶದ ಪರಾವಲಂಬಿ. ನಮಗೆ ಕಾಣುವ ಬಿಳಿ ಚುಕ್ಕೆ ಮೀನಿನ ಚರ್ಮದ ಒಳಗೆ ಕೂತಿರುತ್ತದೆ. ಅಲ್ಲಿಗೆ ಉಪ್ಪೂ ತಲುಪಲ್ಲ, ಔಷಧಿಯೂ ತಲುಪಲ್ಲ. ಬಲಿತ ಮೇಲೆ ಅದು ಮೀನಿನಿಂದ ಕಳಚಿ ಕೆಳಗೆ ಬೀಳುತ್ತದೆ. ಜಲ್ಲಿಗೆ ಅಂಟಿಕೊಂಡು, ಒಂದಿದ್ದದ್ದು ನೂರಾರಾಗಿ ಒಡೆದು, ಮರಿಗಳು ಮೀನು ಹುಡುಕುತ್ತಾ ನೀರಿಗೆ ಬರುತ್ತವೆ. ಸಾಯಿಸೋಕೆ ಆಗೋದು ಆ ಮರಿಗಳನ್ನು ಮಾತ್ರ. ಮೀನು ಸಿಗದಿದ್ದರೆ ಒಂದೆರಡು ದಿನದಲ್ಲಿ ಅವು ತಾವೇ ಸಾಯುತ್ತವೆ. ನೀರು 25 ಡಿಗ್ರಿ ಇದ್ದರೆ ಈ ಇಡೀ ಸುತ್ತು ಸುಮಾರು ಒಂದು ವಾರದೊಳಗೆ ಮುಗಿಯುತ್ತದೆ. ನೀರು ತಣ್ಣಗಿದ್ದಷ್ಟೂ ಎಳೆಯುತ್ತದೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಟ್ಯಾಂಕಿನ ನೀರು ಬೆಳಗ್ಗೆ ಹೊತ್ತಿಗೆ 21, 22 ಡಿಗ್ರಿಗೆ ಇಳಿದಿರುತ್ತದೆ. ಬರೀ ಔಷಧಿ ನಂಬಿಕೊಂಡರೆ ಹುಳ ಹೊರಗೆ ಬರೋ ತನಕ ಹಾಕುತ್ತಲೇ ಇರಬೇಕು.

ನೀಲಿ ಔಷಧಿಯಲ್ಲಿ ನನಗೆ ಸಿಕ್ಕಾಪಟ್ಟೆ ತಲೆನೋವಾಗಿದ್ದು ಅದರ ಬಣ್ಣ. ಸಣ್ಣ ವಿಷಯ ಅನ್ನಿಸಬಹುದು. ಆದರೆ ಈ ರೋಗದಲ್ಲಿ ದಿನಾ ಮೀನಿನ ಮೈ ನೋಡಬೇಕು. ಚುಕ್ಕೆ ಹೆಚ್ಚಾಯಿತಾ, ಕಡಿಮೆ ಆಯಿತಾ, ಬಾಲದಲ್ಲಿ ಹೊಸದು ಬಂತಾ ಅಂತ. ಕರಿ ಮೋಲಿ ಮೈಮೇಲೆ ಚುಕ್ಕೆ ರವೆ ಉದುರಿಸಿದ ಹಾಗೆ ಎದ್ದು ಕಾಣುತ್ತದೆ. ನೀಲಿ ನೀರಿನಲ್ಲಿ ಆ ಮೋಲಿಯೇ ಕಾಣಲ್ಲ! ಮೊಬೈಲ್ ಟಾರ್ಚ್ ಹಿಡಿದು, ಮೀನು ಗಾಜಿನ ಹತ್ತಿರ ಬರೋ ತನಕ ಕಾಯಬೇಕು. ಬಂದರೂ ಕಾಣೋದು ಒಂದು ಕಪ್ಪು ನೆರಳು ಅಷ್ಟೇ. ಕಿವಿರು ಎಷ್ಟು ಜೋರಾಗಿ ಬಡಿಯುತ್ತಿದೆ ಅನ್ನೋದೂ ಗೊತ್ತಾಗಲ್ಲ. ಔಷಧಿ ಕೆಲಸ ಮಾಡುತ್ತಿದೆಯಾ ಅಂತ ತಿಳಿಯೋ ದಾರಿಯನ್ನೇ ಔಷಧಿ ಮುಚ್ಚಿಬಿಡುತ್ತದೆ.

ಇನ್ನು ಕಲೆ. ಗಾಜು ಕೂಡಿಸಿದ ಸಿಲಿಕೋನ್ ಬಿಳಿ ಇತ್ತು, ಈಗ ನಾಲ್ಕೂ ಮೂಲೆ ತಿಳಿನೀಲಿ. ನೀರು ಎಳೆಯುವ ಪೈಪ್ ನೀಲಿ, ಏರ್ ಟ್ಯೂಬ್ ನೀಲಿ. ಉಜ್ಜಿದರೂ ಹೋಗಲ್ಲ.

ಕಲೆಗಿಂತ ಜಾಸ್ತಿ ಹೊಡೆತ ಬಿದ್ದಿದ್ದು ಫಿಲ್ಟರ್‌ಗೆ. ಮೀನಿನ ಗಲೀಜಿನಿಂದ ಬರೋ ಅಮೋನಿಯಾವನ್ನು ತಿನ್ನುವ ಒಳ್ಳೆ ಬ್ಯಾಕ್ಟೀರಿಯಾ ಸ್ಪಾಂಜಿನಲ್ಲಿ ಇರುತ್ತವಲ್ಲ, ಅವಕ್ಕೂ ಮೆಥಿಲೀನ್ ಬ್ಲೂ ವಿಷವೇ. ಕೆಲವೇ ದಿನದಲ್ಲಿ ನೀರು ವಾಸನೆ ಹೊಡೆಯಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ರೋಗದಿಂದ ಹೀಗಾಯಿತಾ, ನೀರು ಕೆಟ್ಟು ಹೀಗಾಯಿತಾ ಹೇಳೋಕೆ ಆಗಲಿಲ್ಲ. ದಿನಾ ನೀರು ಬದಲಿಸಬೇಕಾಯಿತು, ಬದಲಿಸಿದಷ್ಟೂ ಔಷಧಿ ತೆಳುವಾಯಿತು. ಎರಡು ಪ್ಲಾಟಿ ಸತ್ತವು. ಬೇರೆ ಬಕೆಟ್ಟಿನಲ್ಲಿ ಸ್ನಾನ ಮಾಡಿಸೋಕೆ, ಮೊಟ್ಟೆಗೆ ಬೂಸ್ಟು ಹಿಡಿಯದಂತೆ ಕಾಯೋಕೆ ಈ ಔಷಧಿ ಒಳ್ಳೆಯದೇ. ಗಿಡ, ಜಲ್ಲಿ, ಫಿಲ್ಟರ್ ಎಲ್ಲ ಇರೋ ಟ್ಯಾಂಕಿಗೆ ಮಾತ್ರ ಬೇಡ.

ಉಪ್ಪು, ಹೀಟರ್ ಮಾಡಿದ್ದು ಹೀಗೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಪೂರ್ತಿ ತುಂಬಿದರೆ 56 ಲೀಟರ್. ಜಲ್ಲಿ, ಮೇಲಿನ ಖಾಲಿ ಜಾಗ ಕಳೆದು 45 ಅಂತ ಹಿಡಿದೆ. ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ 90 ಗ್ರಾಂ ಕಲ್ಲುಪ್ಪು. ಒಂದೇ ಸಲ ಸುರಿಯಬಾರದು. ಟ್ಯಾಂಕಿನ ನೀರಲ್ಲೇ ಮಗ್ಗಿನಲ್ಲಿ ಕರಗಿಸಿ, ಅರ್ಧ ದಿನಕ್ಕೊಂದು ಸಲ, ಮೂರು ಭಾಗ ಮಾಡಿ ಹಾಕಿದೆ. ಹೀಟರನ್ನು ಕೂಡ ನಿಧಾನಕ್ಕೆ ಏರಿಸುತ್ತಾ 30 ಡಿಗ್ರಿಗೆ ತಂದೆ. ಅಷ್ಟು ಬಿಸಿಗೆ ಹುಳದ ಸುತ್ತು ಬೇಗ ಓಡುತ್ತದೆ, ಎಷ್ಟೋ ಹುಳಗಳು ಹೆಚ್ಚುವುದೇ ನಿಲ್ಲುತ್ತದೆ. ದಿನ ಬಿಟ್ಟು ದಿನ ಪೈಪ್ ಹಾಕಿ ಜಲ್ಲಿಯ ಕೊಳೆ ಎಳೆದೆ. ಹೊಸ ನೀರು ಎಷ್ಟು ಹಾಕುತ್ತೇವೋ ಅಷ್ಟಕ್ಕೆ ಮಾತ್ರ ಮತ್ತೆ ಉಪ್ಪು. ಆವಿಯಾಗಿ ಕಡಿಮೆಯಾದ ನೀರಿಗೆ ಬೇಡ, ಯಾಕೆಂದರೆ ಉಪ್ಪು ಆವಿಯಾಗಲ್ಲ. ನೀರು ತೆಗೆಯುವ ಹದಿನೈದು ನಿಮಿಷ ಮುಂಚೆ ಹೀಟರ್ ಆಫ್ ಮಾಡಿ, ಇಲ್ಲದಿದ್ದರೆ ಅದರ ಗಾಜು ಸೀಳುತ್ತದೆ.

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ಏರ್ ಪಂಪ್ ಹಗಲೂ ರಾತ್ರಿ ಓಡಬೇಕು. ಕರೆಂಟ್ ಹೋದರೆ ಒಂದೆರಡು ಗಂಟೆಯಲ್ಲಿ ನೀರೇನೂ ಆರಿಹೋಗಲ್ಲ, ಮೀನಿನ ಉಸಿರಾಟದ್ದೇ ಚಿಂತೆ. ಬ್ಯಾಟರಿಯ ಸಣ್ಣ ಏರ್ ಪಂಪ್ ಇಟ್ಟುಕೊಂಡರೆ ನೆಮ್ಮದಿ. ಗಿಡಗಳಲ್ಲಿ ಕಬೊಂಬ ಕೊಳೆಯಿತು, ಜಾವಾ ಫರ್ನ್ ತಡೆದುಕೊಂಡಿತು. ಮೀನು ಒಂದೂ ಸಾಯಲಿಲ್ಲ. ನೀರು ತಿಳಿಯಾಗಿದ್ದರಿಂದ ಬಾಲದ ಕೊನೆಯ ಚುಕ್ಕೆ ಉದುರಿದ್ದೂ ಕಣ್ಣಿಗೆ ಕಂಡಿತು. ಆಮೇಲೂ ಒಂದು ವಾರ ಬಿಸಿ, ಉಪ್ಪು ಎರಡನ್ನೂ ಹಾಗೇ ಬಿಟ್ಟೆ. ಚುಕ್ಕೆ ಹೋದ ಕೂಡಲೇ ನಿಲ್ಲಿಸಿದರೆ ಜಲ್ಲಿಯಲ್ಲಿ ಕೂತದ್ದು ಮತ್ತೆ ಏಳುತ್ತದೆ.

ಅಕ್ಕನ ಮನೆಯ ಮಲಾಕೈಟ್ ಗ್ರೀನ್ ಔಷಧಿ ನಿಜಕ್ಕೂ ಜೋರು, ಗೋಲ್ಡ್ ಫಿಶ್ ಉಳಿದವು. ಅಳತೆ ಸ್ವಲ್ಪ ತಪ್ಪಿದರೂ ಮೀನಿಗೇ ಅಪಾಯ. ಲೋಚ್‌ನಂಥ ಹುರುಪೆ ಕಡಿಮೆ ಇರೋ ಮೀನಿಗಂತೂ ಇನ್ನೂ ಹುಷಾರಾಗಿರಬೇಕು. ಕೈಗವಸು ಹಾಕಿ, ಕಿಟಕಿ ತೆಗೆದಿಡಿ. ಬೆಳಕಿಗೆ ಅದು ಬೇಗ ಕೆಡುತ್ತದೆ, ಟ್ಯಾಂಕಿನ ಲೈಟ್ ಆರಿಸಿ. ಫಿಲ್ಟರಿನಲ್ಲಿ ಕಾರ್ಬನ್ ಇದ್ದರೆ ತೆಗೆದಿಡಿ, ಔಷಧಿಯನ್ನೆಲ್ಲ ಅದೇ ಹೀರಿಕೊಳ್ಳುತ್ತದೆ. ಚಿಕ್ಕ ಮಕ್ಕಳಿರೋ ನಮ್ಮ ಮನೆಯಲ್ಲಿ ಆ ಬಾಟಲಿ ಇಡೋಕೆ ನನಗೆ ಇಷ್ಟವಿಲ್ಲ.

ದುಡ್ಡಿನ ಲೆಕ್ಕದಲ್ಲಿ ನೀಲಿ ಬಾಟಲಿಯೇ ಅಗ್ಗ. ಉಪ್ಪಿಗೆ ಖರ್ಚೇ ಇಲ್ಲ, ಆದರೆ ಹೀಟರ್‌ಗೆ ಕೆಲವು ನೂರು ಕೊಡಬೇಕು. 100 ವಾಟ್‌ನದು ದಿನದಲ್ಲಿ ಅರ್ಧ ಹೊತ್ತು ಓಡಿದರೆ 1.2 ಯೂನಿಟ್ ಕರೆಂಟ್.

ಉಪ್ಪು ಎಲ್ಲದಕ್ಕೂ ಮದ್ದಲ್ಲ. ಮೀನಿನ ಮೈಯಿಂದ ದಾರದ ಹಾಗೆ ನೇತಾಡುವ ಆಂಕರ್ ವರ್ಮ್‌ಗೂ, ಚಪ್ಪಟೆ ಮೀನು ಹೇನಿಗೂ ಇಷ್ಟು ಉಪ್ಪು, ಬಿಸಿ ಸಾಲದು. ಅವನ್ನು ಚಿಮುಟದಿಂದ ಕೀಳಬೇಕು, ನೀರಿನಲ್ಲಿರುವ ಅವುಗಳ ಮರಿಗೆ ಬೇರೆ ಔಷಧಿ ಹಾಕಬೇಕು.

ನಾನು ಬೆಳಗ್ಗೆ, ರಾತ್ರಿ ಎರಡು ಹೊತ್ತೂ ಟ್ಯಾಂಕ್ ಮುಂದೆ ಕೂರುವವನು, ಪೈಪ್ ಹಾಕಿ ನೀರು ತೆಗೆಯೋಕೆ ಬೇಜಾರಿಲ್ಲ. ಮೋಲಿ, ಗಪ್ಪಿ, ಪ್ಲಾಟಿಗಳಿಗೆ ಉಪ್ಪು ಒಗ್ಗುತ್ತದೆ. ಹಾಗಾಗಿ ನನಗೆ ಇದೇ ಸರಿ. ನಿಮ್ಮದು ಮೆತ್ತನೆ ಗಿಡ ತುಂಬಿದ ಟ್ಯಾಂಕ್ ಆದರೆ, ಅಥವಾ ಕೋರಿ (ಕೋರಿಡೋರಸ್), ಲೋಚ್ ಥರದ ಮೀನು ಇದ್ದರೆ, ಉಪ್ಪು ಬಿಟ್ಟು ಬರೀ ಹೀಟರ್, ಏರ್ ಪಂಪ್ ಮತ್ತು ಜಲ್ಲಿ ಶುಚಿ ಮಾಡೋದರಿಂದ ಶುರು ಮಾಡಿ. ಆದರೆ ಆ ಮೀನುಗಳಲ್ಲಿ ಹಲವಕ್ಕೆ 30 ಡಿಗ್ರಿಯೇ ಜಾಸ್ತಿ, ಮೇಲೆ ಬಂದು ಗಾಳಿ ಕುಡಿಯುವುದು ಹೆಚ್ಚಾದರೆ ಒಂದೆರಡು ಡಿಗ್ರಿ ಇಳಿಸಿ.