ರೇಡಿಯೊ ಮಾತು ಕಲಿಸುವ ಕೋರ್ಸ್: ಕೆಟ್ಟ ಅಭ್ಯಾಸ ಬಿಡಿಸುತ್ತದೆ, ಆದರೆ ಗಡಿಬಿಡಿ ಮಾಡಿಸುತ್ತದೆ

ಪೈಲಟ್ ಆಗಲು ಹೊರಟವರಿಗೆ ರೇಡಿಯೊದಲ್ಲಿ ಹೇಗೆ ಮಾತಾಡಬೇಕು ಅಂತ ಕಲಿಸುವ ಆನ್‌ಲೈನ್ ಕೋರ್ಸ್ ಒಂದನ್ನು ಪೂರ್ತಿ ಮುಗಿಸಿದ್ದೇನೆ. ಹೆಸರು ಬರೆಯುತ್ತಿಲ್ಲ, ಕೆಳಗೆ ಕೆಲವು ದೂರುಗಳಿವೆ. ಇಂಥ ಯಾವ ಕೋರ್ಸ್‌ಗೆ ಸೇರುವಾಗಲೂ ಏನೇನು ನೋಡಿಕೊಳ್ಳಬೇಕು ಅನ್ನೋದು ಇದರಿಂದ ಗೊತ್ತಾದರೆ ಸಾಕು. ನನ್ನ ತೀರ್ಪು ಇಷ್ಟು: ಕೊಟ್ಟ ದುಡ್ಡಿಗೆ ಮೋಸ ಇಲ್ಲ, ಆದರೆ ಎರಡು ಕಡೆ ದೊಡ್ಡ ಕೊರತೆ ಇದೆ.

ಕೋರ್ಸ್‌ನಲ್ಲಿ ಮೂರು ಭಾಗ. ಮೊದಲು ವಿಡಿಯೊ ಪಾಠ, ಆಮೇಲೆ ಟವರ್ (ಏರ್‌ಪೋರ್ಟ್‌ನ ಕಂಟ್ರೋಲರ್‌ಗಳು ಕೂರುವ ಜಾಗ) ಮತ್ತು ಪೈಲಟ್‌ಗಳ ಮಾತಿನ ರೆಕಾರ್ಡಿಂಗ್, ಕೊನೆಗೆ ಅಭ್ಯಾಸ. ಅಭ್ಯಾಸದಲ್ಲಿ ಕಂಪ್ಯೂಟರೇ ಕಂಟ್ರೋಲರ್ ಆಗಿ ಮಾತಾಡುತ್ತದೆ, ನಾವು ಮೈಕ್ ಒತ್ತಿ ರೀಡ್‌ಬ್ಯಾಕ್ ಕೊಡಬೇಕು, ಅಂದರೆ ಅವರು ಹೇಳಿದ್ದನ್ನು ತಿರುಗಿ ಹೇಳಬೇಕು. ವಿಡಿಯೊಗಳು ಸಾಧಾರಣ. ಯಾರನ್ನು ಕರೆಯುತ್ತಿದ್ದೀರಿ, ನೀವು ಯಾರು, ಎಲ್ಲಿದ್ದೀರಿ, ಏನು ಬೇಕು, ಈ ಕ್ರಮವನ್ನು ಎಲ್ಲರೂ ಕಲಿಸುತ್ತಾರೆ, ಇವರೂ ಕಲಿಸುತ್ತಾರೆ.

ನಿಜವಾದ ಬೆಲೆ ಇರೋದು ರೆಕಾರ್ಡಿಂಗ್ ಭಾಗಕ್ಕೆ. ಪೈಲಟ್‌ಗಳಿಗೆ ಅಂಟಿಕೊಂಡ ಅಭ್ಯಾಸಗಳನ್ನು ಒಂದೊಂದಾಗಿ ಕೇಳಿಸಿ, ಇಲ್ಲಿ ಏನು ತಪ್ಪು ಅಂತ ನಮ್ಮನ್ನೇ ಕೇಳುತ್ತಾರೆ. "ಇದು ನಿಯಮ, ಪಾಲಿಸಿ" ಅಂತ ಹೇಳಿ ಮುಗಿಸುವುದಿಲ್ಲ, ಆ ಅಭ್ಯಾಸದಿಂದ ಆಕಾಶದಲ್ಲಿ ಯಾರಿಗೆ ಏನು ತೊಂದರೆ ಅನ್ನೋದನ್ನು ಕೇಳಿಸಿಯೇ ತೋರಿಸುತ್ತಾರೆ. ಕಾರಣ ಗೊತ್ತಾದರೆ ಮಾತ್ರ ಅಭ್ಯಾಸ ಬಿಡುತ್ತದೆ, ಬೈದರೆ ಬಿಡುವುದಿಲ್ಲ.

ನನ್ನನ್ನು ಜಾಸ್ತಿ ಕೆರಳಿಸುವ ಮಾತು ಮೊದಲ ಪಾಠದಲ್ಲೇ ಇತ್ತು: "ಎನಿ ಟ್ರಾಫಿಕ್ ಇನ್ ದಿ ಏರಿಯಾ, ಪ್ಲೀಸ್ ಅಡ್ವೈಸ್". ಟವರ್ ಇಲ್ಲದ ಏರ್‌ಫೀಲ್ಡ್ ಹತ್ತಿರ ಬರುತ್ತಾ, ಇಲ್ಲಿ ಯಾರ್ಯಾರು ಇದ್ದೀರಿ ಹೇಳಿ ಅಂತ ಎಲ್ಲರನ್ನೂ ಕೇಳುವುದು. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ತನ್ನ ಪೈಲಟ್ ಕೈಪಿಡಿಯಲ್ಲಿ ಇದನ್ನು ಯಾವ ಸಂದರ್ಭದಲ್ಲೂ ಬಳಸಬೇಡಿ ಅಂತ ಸ್ಪಷ್ಟವಾಗಿ ಬರೆದಿದೆ, ಆದರೂ ನಿಂತಿಲ್ಲ. ವಿಮಾನದ ವಿಹೆಚ್‌ಎಫ್ ರೇಡಿಯೊ ಎಎಂ ವಿಧಾನದಲ್ಲಿ ಕೆಲಸ ಮಾಡುತ್ತದೆ, ಇಬ್ಬರು ಒಟ್ಟಿಗೆ ಮೈಕ್ ಒತ್ತಿದರೆ ಉಳಿದವರಿಗೆ ಕಿರ್ರ್ ಅನ್ನೋ ಸದ್ದು ಮಾತ್ರ. ಸುತ್ತ ಐದು ವಿಮಾನ ಇದ್ದು ಐದೂ ಜನ ಒಟ್ಟಿಗೆ ಉತ್ತರ ಕೊಟ್ಟರೆ ಯಾರಿಗೆ ಏನು ಕೇಳಿಸುತ್ತದೆ? ಬೇಗ ಆ ಫ್ರೀಕ್ವೆನ್ಸಿಗೆ ಬಂದು ಸ್ವಲ್ಪ ಹೊತ್ತು ಸುಮ್ನೆ ಕಿವಿಗೊಟ್ಟರೆ ಯಾರು ಎಲ್ಲಿದ್ದಾರೆ ಅನ್ನೋ ಚಿತ್ರ ತಾನಾಗೇ ಮೂಡುತ್ತದೆ. ಆಮೇಲೆ ನಾವು ಎಲ್ಲಿದ್ದೇವೆ, ಏನು ಮಾಡುತ್ತೇವೆ ಅಂತ ಹೇಳಿದರೆ ಕೆಲಸ ಮುಗಿಯಿತು.

"ರೋಜರ್" ಬಗ್ಗೆಯೂ ಒಳ್ಳೆಯ ಪಾಠ ಇದೆ. ನಿಮ್ಮ ಮಾತು ಪೂರ್ತಿ ಕೇಳಿಸಿತು ಅನ್ನೋದಷ್ಟೇ ಅದರ ಕೆಲಸ. ಹೌದಾ ಅಲ್ಲವಾ ಅಂತ ಕೇಳಿದ ಪ್ರಶ್ನೆಗೆ ರೋಜರ್ ಅಂದರೆ ಕಂಟ್ರೋಲರ್ ಮತ್ತೆ ಕೇಳಲೇಬೇಕು. ರನ್‌ವೇ ದಾಟಬೇಡಿ ಅಂದಾಗ ರೋಜರ್ ಅಂದರೂ ಅಷ್ಟೇ. ಅಲ್ಲಿ ರೀಡ್‌ಬ್ಯಾಕ್ ಕಡ್ಡಾಯ, ರನ್‌ವೇ ನಂಬರ್ ಸಮೇತ. ಮಾತಿನ ಬದಲು ಮೈಕ್ ಬಟನ್ ಅನ್ನು ಎರಡು ಸಲ ಕ್ಲಿಕ್ ಮಾಡಿ ಉತ್ತರ ಕೊಟ್ಟೆ ಅಂದುಕೊಳ್ಳುವವರೂ ಇದ್ದಾರೆ, ಆ ಕ್ಲಿಕ್ ಯಾವ ವಿಮಾನದ್ದು ಅಂತ ಯಾರು ಹೇಳಬೇಕು?

ಇನ್ನೊಂದು, ಟಿಕ್ಯಾಸ್ ಪರದೆ, ಅಂದರೆ ಡಿಕ್ಕಿ ತಪ್ಪಿಸಲು ಸುತ್ತಲಿನ ವಿಮಾನಗಳನ್ನು ಕಾಕ್‌ಪಿಟ್‌ನಲ್ಲಿ ತೋರಿಸುವ ಉಪಕರಣ. ನಿಮ್ಮ ಎದುರು ಎರಡು ಮೈಲಿ ದೂರದಲ್ಲಿ ವಿಮಾನ ಇದೆ ಅಂತ ಕಂಟ್ರೋಲರ್ ಹೇಳುತ್ತಾರೆ. ಪೈಲಟ್ ಉತ್ತರ: "ಟಿಕ್ಯಾಸ್‌ನಲ್ಲಿ ಕಾಣಿಸುತ್ತಿದೆ". ಕಂಟ್ರೋಲರ್‌ಗೆ ಬೇಕಿರುವುದು ನಿಮ್ಮ ಕಣ್ಣಿಗೆ ಕಂಡಿತಾ ಇಲ್ಲವಾ ಅನ್ನೋ ಒಂದೇ ಉತ್ತರ. ಪರದೆ ಮೇಲಿನ ಚುಕ್ಕಿಯನ್ನು ನಂಬಿ ಅವರು ಕಣ್ಣಲ್ಲಿ ನೋಡಿ ಅಂತರ ಕಾಯ್ದುಕೊಳ್ಳುವ ಹೊಣೆಯನ್ನು ನಿಮಗೆ ಒಪ್ಪಿಸುವ ಹಾಗಿಲ್ಲ. "ಟ್ರಾಫಿಕ್ ಇನ್ ಸೈಟ್", ಇಲ್ಲದಿದ್ದರೆ ಕಾಣಲಿಲ್ಲ, ಮುಗಿಯಿತು. ಮೈಕ್ ಒತ್ತಿ ಹಿಡಿದುಕೊಂಡೇ "ಆಂ..." ಅಂತ ಯೋಚಿಸುವುದು, ಕಾಲ್‌ಸೈನ್ (ರೇಡಿಯೊದಲ್ಲಿ ವಿಮಾನದ ಹೆಸರು) ನುಂಗುವುದು, 121.5 ಮೆಗಾಹರ್ಟ್ಸ್ ತುರ್ತು ಫ್ರೀಕ್ವೆನ್ಸಿಯಲ್ಲಿ ಬೆಕ್ಕಿನ ಹಾಗೆ ಮಿಯಾಂವ್ ಅನ್ನುವುದು, ಇವೆಲ್ಲವೂ ಪಟ್ಟಿಯಲ್ಲಿವೆ. ಕೊನೆಯದಕ್ಕೆ ನನ್ನಲ್ಲಿ ಕ್ಷಮೆಯೇ ಇಲ್ಲ. ಯಾರೋ ಜೀವ ಕೈಯಲ್ಲಿ ಹಿಡಿದು ಕರೆಯಬೇಕಾದ ಜಾಗ ಅದು.

ಇಷ್ಟು ಸಣ್ಣ ವಿಷಯಗಳಿಗೆ ಯಾಕಿಷ್ಟು ಹಟ ಅಂತ ಕೇಳುವವರಿಗೆ ಟೆನೆರಿಫೆ ಪಾಠ ಉತ್ತರ ಕೊಡುತ್ತದೆ. 1977ರ ಮಾರ್ಚ್ 27, ಸ್ಪೇನ್‌ನ ಟೆನೆರಿಫೆ ದ್ವೀಪ, ಮಂಜು ಮುಸುಕಿದ ಒಂದೇ ರನ್‌ವೇ ಮೇಲೆ ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಕಂಪನಿಗಳ ಎರಡು 747 ವಿಮಾನಗಳು. ಕೆಎಲ್‌ಎಂ ಸಹ ಪೈಲಟ್ "ವಿ ಆರ್ ನೌ ಅಟ್ ಟೇಕಾಫ್" ಅಂದರು. ಕಂಟ್ರೋಲರ್ "ಓಕೆ" ಅಂದು ಒಂದು ಕ್ಷಣ ನಿಂತು, ಕಾಯಿರಿ, ಕರೆಯುತ್ತೇನೆ ಅಂದರು. ಅದೇ ಕ್ಷಣದಲ್ಲಿ ಪ್ಯಾನ್ ಆಮ್‌ನವರೂ ನಾವಿನ್ನೂ ರನ್‌ವೇ ಮೇಲೇ ಇದ್ದೇವೆ ಅಂತ ಮೈಕ್ ಒತ್ತಿದ್ದರಿಂದ, ಕೆಎಲ್‌ಎಂ ಕಾಕ್‌ಪಿಟ್‌ಗೆ ಆ ಕಿರ್ರ್ ಸದ್ದು ಬಂತು. 583 ಜನ ಸತ್ತರು. ಈಗ ಟೇಕಾಫ್ ಅನ್ನೋ ಪದವನ್ನು ಕಂಟ್ರೋಲರ್ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸುತ್ತಾರೆ, ಉಳಿದ ಕಡೆ "ಡಿಪಾರ್ಚರ್". ಪಾಠದಲ್ಲಿ ಇದನ್ನು ಅವಸರ ಇಲ್ಲದೆ, ಯಾರ ಮೇಲೂ ಗೂಬೆ ಕೂರಿಸದೆ ಹೇಳಿದ್ದಾರೆ. 1989ರಲ್ಲಿ ಕೌಲಾಲಂಪುರದ ಹತ್ತಿರ ಬಿದ್ದ ಫ್ಲೈಯಿಂಗ್ ಟೈಗರ್ ಸರಕು ವಿಮಾನದ ಕತೆಯೂ ಇದೆ: 2400 ಅಡಿಗೆ ಇಳಿಯಿರಿ ಅನ್ನೋದಕ್ಕೆ "ಡಿಸೆಂಡ್ ಟೂ ಫೋರ್ ಝೀರೊ ಝೀರೊ" ಅಂದದ್ದು, ಎರಡು ಅನ್ನೋ "ಟೂ" ಇಂಗ್ಲಿಷ್‌ನ "to" ಥರ ಕೇಳಿ, 400 ಅಡಿಗೆ ಇಳಿಯಿರಿ ಅಂತ ಕೇಳಿಸಿತು. ಪೈಲಟ್ ರೀಡ್‌ಬ್ಯಾಕ್‌ನಲ್ಲಿ 400 ಅಂದರೂ ತಿದ್ದುವ ಮಾತು ಬರಲಿಲ್ಲ. ಸಂಖ್ಯೆಗೆ ಮುಂಚೆ "ಆಲ್ಟಿಟ್ಯೂಡ್" ಅನ್ನೋ ಒಂದು ಪದ ಬೇಕಿತ್ತು.

ಇಲ್ಲಿಯವರೆಗೆ ಹೊಗಳಿಕೆ. ಈಗ ದೂರು.

ಅಭ್ಯಾಸದ ಭಾಗದಲ್ಲಿ ಒಂದು ಟೈಮರ್ ಇದೆ. ಬೇಗ ರೀಡ್‌ಬ್ಯಾಕ್ ಕೊಟ್ಟರೆ ಹೆಚ್ಚು ಅಂಕ, ನಿಧಾನ ಮಾಡಿದರೆ ಕಡಿತ. ಇದು ನನಗೆ ಅರ್ಥವೇ ಆಗಲಿಲ್ಲ. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಕಾವೊ ಹೇಳುವುದು ನಿಮಿಷಕ್ಕೆ 100 ಪದ ಮೀರಬೇಡಿ, ಎದುರಿನವರು ಬರೆದುಕೊಳ್ಳಬೇಕಾದಾಗ ಇನ್ನೂ ನಿಧಾನ ಮಾಡಿ ಅಂತ. ದೊಡ್ಡ ಏರ್‌ಲೈನ್ ಕ್ಯಾಪ್ಟನ್ ಗತ್ತಿನಲ್ಲಿ ಪಟಪಟ ಮಾತಾಡುವುದೇ ಹೊಸಬರಿಗೆ ಅಂಟುವ ಮೊದಲ ರೋಗ, ಅದಕ್ಕೇ ಇಲ್ಲಿ ಬಹುಮಾನ. ಹಿಂದಿನ ಪಾಠದಲ್ಲಿ ಬಿಡಿಸಿದ ಅಭ್ಯಾಸವನ್ನು ಮುಂದಿನ ಪಾಠದಲ್ಲಿ ತಾವೇ ಹಿಡಿಸುತ್ತಿದ್ದಾರೆ, ಅಲ್ವಾ?

ತುರ್ತು ಪಾಠ ಇನ್ನೂ ಬಡವಾಗಿದೆ. ಮೇಡೇ (ಜೀವಾಪಾಯದ ಕರೆ) ಮೂರು ಸಲ, ಕಾಲ್‌ಸೈನ್, ತೊಂದರೆ, ಜಾಗ, ಎತ್ತರ, ಎಷ್ಟು ಜನ ಇದ್ದೀರಿ ಅಂತ ಬಾಯಿಪಾಠ ಮಾಡಿಸುತ್ತಾರೆ. ಆದರೆ ಪೈಲಟ್‌ಗಳು ನಿಜವಾಗಿ ಎಡವುವುದು ಆ ಪದ ಹೇಳಲೋ ಬೇಡವೋ ಅನ್ನೋ ಹಿಂಜರಿಕೆಯಲ್ಲಿ. 1990ರ ಜನವರಿಯಲ್ಲಿ ನ್ಯೂಯಾರ್ಕ್ ಹತ್ತಿರ ಬಿದ್ದ ಏವಿಯಾಂಕಾ 52ರಲ್ಲಿ ಸಿಬ್ಬಂದಿ ಆದ್ಯತೆ ಬೇಕು ಅಂದರು, ಇಂಧನ ಮುಗಿಯುತ್ತಿದೆ ಅಂದರು, ಎಮರ್ಜೆನ್ಸಿ ಅಂತ ಮಾತ್ರ ಘೋಷಿಸಲಿಲ್ಲ. 158 ಜನರಲ್ಲಿ 73 ಜನ ಸತ್ತರು. "ಮಿನಿಮಮ್ ಫ್ಯುಯೆಲ್" ಅಂದರೆ ಇನ್ನು ತಡ ಆಗಬಾರದು ಅನ್ನೋ ಸೂಚನೆ, ಅದರಿಂದ ಸರದಿಯಲ್ಲಿ ಆದ್ಯತೆ ಸಿಗುವುದಿಲ್ಲ. ಕೈಮೀರಿದಾಗ "ಮೇಡೇ ಫ್ಯುಯೆಲ್" ಅನ್ನಬೇಕು. ಈ ವ್ಯತ್ಯಾಸಕ್ಕೆ ಕೋರ್ಸ್‌ನಲ್ಲಿ ಒಂದು ಸಾಲೂ ಇಲ್ಲ. ಇಡೀ ಕೋರ್ಸ್‌ನಲ್ಲಿ ನನಗೆ ಬೇಜಾರಾದದ್ದು ಇದೊಂದೇ ಜಾಗದಲ್ಲಿ, ಯಾಕಂದ್ರೆ ಇದನ್ನು ಚೆನ್ನಾಗಿ ಹೇಳುವ ಶಕ್ತಿ ಅವರಿಗೆ ಇದೆ, ಟೆನೆರಿಫೆ ಪಾಠವೇ ಸಾಕ್ಷಿ.

ಸಣ್ಣ ತಕರಾರು: ರನ್‌ವೇ ಮೇಲೆ ಬಂದು ನಿಂತು ಕಾಯಿರಿ ಅನ್ನೋದಕ್ಕೆ ಒಂದು ವಿಡಿಯೊದಲ್ಲಿ ಈಗಲೂ "ಪೊಸಿಷನ್ ಅಂಡ್ ಹೋಲ್ಡ್" ಇದೆ. ಅಮೆರಿಕ ಅದನ್ನು 2010ರಲ್ಲೇ ಬಿಟ್ಟು "ಲೈನ್ ಅಪ್ ಅಂಡ್ ವೇಟ್"ಗೆ ಬಂದಾಗಿದೆ. ಫ್ರೀಕ್ವೆನ್ಸಿಯ ದಶಮಾಂಶ ಚುಕ್ಕಿಗೆ "ಡೆಸಿಮಲ್" ಅನ್ನುವ ಐಕಾವೊ ರೂಢಿ, "ಪಾಯಿಂಟ್" ಅನ್ನುವ ಅಮೆರಿಕದ ರೂಢಿ, ಎರಡನ್ನೂ ಬೆರೆಸಿದ್ದಾರೆ. ಯಾವುದು ಎಲ್ಲಿಯದು ಅಂತ ಹೇಳಿದ್ದರೆ ಸಾಕಿತ್ತು.

ಹೊಸಬರು ಧೈರ್ಯವಾಗಿ ಸೇರಿ. ವರ್ಷಗಟ್ಟಲೆ ಹಾರಿದವರೂ ರೆಕಾರ್ಡಿಂಗ್ ಭಾಗವನ್ನು ಕೇಳಿ, ನಿಮ್ಮ ಒಂದೆರಡು ಅಭ್ಯಾಸ ಅಲ್ಲಿ ಸಿಕ್ಕೇ ಸಿಗುತ್ತದೆ. ತುರ್ತು ಪಾಠವನ್ನು ಮಾತ್ರ ನಿಮ್ಮ ಇನ್‌ಸ್ಟ್ರಕ್ಟರ್ ಜೊತೆ ಕೂತು ಬೇರೆಯಾಗಿ ಮಾಡಿ. ಟೈಮರ್ ಆಫ್ ಮಾಡುವ ಬಟನ್ ಸೆಟ್ಟಿಂಗ್ಸ್‌ನ ಕೊನೆಯಲ್ಲಿ ಇದೆ, ಅಭ್ಯಾಸ ಶುರು ಮಾಡುವ ಮುಂಚೆಯೇ ಅದನ್ನು ಒತ್ತಿಬಿಡಿ.